ಸಿಡಿಲಿಗೆ ದಾರಿ ತೋರಿದ ಬೆಂಜಮಿನ್ ಫ್ರಾಂಕ್ಲಿನ್

ಮಾನವನು ಆದಿಕಾಲದಿಂದಲೂ ಅಂಜುತ್ತ ಬಂದಿರುವ ಪ್ರಕೃತಿಶಕ್ತಿಗಳಲ್ಲಿ ಸಿಡಿಲು ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ನಮ್ಮ ಪೂರ್ವಿಕರು ಅದನ್ನು ಇಂದ್ರನ ವಜ್ರಾಯುಧವೆಂದು ಕರೆದರು. ಗ್ರೀಕರು ಅದನ್ನು ತಮ್ಮ ದೇವರಾಜನಾದ ಸ್ಯೂಸನ ಕೈಗೆ ಕೊಟ್ಟರು. ಗುಡುಗಿದಾಗ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಕೊಳ್ಳುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಹೊಳೆಗೆ ನೆರೆ ಬರುವ ಮುಂಚೆ ನೀರು ಏರುವುದು ಕಾಣುತ್ತದೆ. ಸಿಡಿಲಾದರೋ ಹೇಳದೆ ಕೇಳದೆ ಬಂದೆರಗುತ್ತದೆ. ಅದರಲ್ಲಿಯೂ ಊರಿಗೆಲ್ಲ ಎತ್ತರವಾದುದನ್ನೇ ಅದು ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಒಂದು ಊರಿನ ಜನ ತಲೆಮಾರುಗಳ ಕಾಲ ದುಡಿದು, ಹಣ ಕೂಡಿಸಿ, ಕಲ್ಲಿನ ಮೇಲೆ ಕಲ್ಲನ್ನಿಟ್ಟು ಎತ್ತಿದ ಗೋಪುರವು ಅರೆನಿಮಿಷದಲ್ಲಿ ಸೀಳಿಹೋಗುವುದನ್ನು ಕಂಡವರಿಗೆ ಅದು ದೇವರ ಕೋಪವೆಂದು ತೋರಿದುದರಲ್ಲಿ ಆಶ್ಚರ್ಯವೇನಿದೆ?

ಇಂಥ ಕಟ್ಟಡಗಳಿಗೆ ರಕ್ಷಣೆಯ ಉಪಾಯವನ್ನು ತೋರಿಸಿಕೊಟ್ಟ ಬೆಂಜಮಿನ್ ಫ್ರಾಂಕ್ಲಿನನ ಜೀವನವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾನು ಕಲಾವಿಭಾಗದ ವಿದ್ಯಾರ್ಥಿ. ಭೌತವಿಜ್ಞಾನದ ಸೂತ್ರಗಳಿಗೂ ನನಗೂ ದೂರ. ಗಾಳಿಪಟ ಹಾರಿಸಿದವನೆಂದು ಮಾತ್ರ ಶಾಲೆಯ ಪಾಠದಲ್ಲಿ ಪರಿಚಯವಾದ ಈ ಮನುಷ್ಯನ ಚರಿತ್ರೆಯನ್ನು ಬೆದಕಿ ಓದಿದಾಗ, ಆ ಗಾಳಿಪಟಕ್ಕಿಂತ ಅದರ ಮುಂದಿನ ಕಥೆಯೇ ದೊಡ್ಡದೆಂದು ನನಗೆ ತೋರಿತು. ಅದಕ್ಕಾಗಿ ಈ ಸಾಹಸ.

ಮೊದಲು ಫ್ರಾಂಕ್ಲಿನನಿಗಿಂತ ಹಿಂದಿನ ಯೂರೋಪಿನ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಅಲ್ಲಿ ಊರಿಗೆಲ್ಲ ಎತ್ತರವಾದುದು ಚರ್ಚಿನ ಗಂಟೆಗೋಪುರ. ಲಂಡನ್ನಿನ ಹಳೆಯ ಸಂತ ಪಾಲನ ಮಹಾಮಂದಿರಕ್ಕೆ 1561ರ ಜೂನ್ 4ರಂದು ಸಿಡಿಲು ಹೊಡೆದು ಅದರ ಮರದ ಶಿಖರ ಉರಿದುಹೋಯಿತು. ಆ ಶಿಖರವನ್ನು ಮತ್ತೆ ಕಟ್ಟಲಾಗಲೇ ಇಲ್ಲ. ವೆನಿಸ್ ನಗರದಲ್ಲಿ ಸಂತ ಮಾರ್ಕನ ಚೌಕದ ಗಂಟೆಗೋಪುರವು ಸುಮಾರು 98 ಮೀಟರ್ ಎತ್ತರ. ತುದಿಯಲ್ಲಿ ಚಿನ್ನದ ಲೇಪದ ದೇವದೂತನ ವಿಗ್ರಹ. ಸಮುದ್ರದ ನಡುವೆ ಒಂಟಿಯಾಗಿ ನಿಂತಂತಿರುವ ಈ ಗೋಪುರಕ್ಕೆ 1388, 1417, 1489 ಎಂದು ಮೊದಲಾಗಿ ಮತ್ತೆ ಮತ್ತೆ ಸಿಡಿಲು ಬಡಿಯಿತು. 1745ರ ಹೊಡೆತಕ್ಕೆ ಗೋಪುರವೇ ಬಿರಿದು ಅಪಾರ ಹಾನಿಯಾಯಿತು. ಪ್ರತಿ ಸಲವೂ ವೆನಿಸಿನ ಜನ ಅದನ್ನು ದುರಸ್ತಿ ಮಾಡಿದರು. ಮತ್ತೆ ಸಿಡಿಲಿಗೆ ಕಾದರು.

ಆ ಕಾಲದ ಪರಿಹಾರವಾದರೂ ಏನು? ಗುಡುಗು ಸಿಡಿಲು ಬಂದೊಡನೆ ಚರ್ಚಿನ ಗಂಟೆಗಳನ್ನು ಬಾರಿಸುವುದು. ಗಂಟೆಯ ನಾದ ಸಿಡಿಲನ್ನು ಒಡೆಯುತ್ತದೆಂಬ ನಂಬಿಕೆ ಎಷ್ಟು ಬಲವಾಗಿತ್ತೆಂದರೆ, ಗಂಟೆ ಎರಕ ಹೊಯ್ಯುವಾಗಲೇ ಆ ಅರ್ಥದ ಲ್ಯಾಟಿನ್ ಮಾತನ್ನು ಅದರ ಮೈಮೇಲೆ ಅಚ್ಚೊತ್ತುತ್ತಿದ್ದರು. ಊರಿನಲ್ಲಿ ಎಲ್ಲಕ್ಕಿಂತ ಎತ್ತರವಾದ ಗೋಪುರ, ಅದರೊಳಗೆ ಲೋಹದ ಗಂಟೆ, ಗಂಟೆಯಿಂದ ಇಳಿಬಿದ್ದ ಒದ್ದೆ ಹಗ್ಗ, ಹಗ್ಗದ ತುದಿಯಲ್ಲಿ ಒಬ್ಬ ಬಡಪಾಯಿ. ಇದಕ್ಕಿಂತ ಅಪಾಯದ ಸ್ಥಳ ಇನ್ನೊಂದಿರಲಾರದು. 1718ರ ಏಪ್ರಿಲಿನ ಒಂದು ರಾತ್ರಿ ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ 24 ಚರ್ಚುಗಳಿಗೆ ಸಿಡಿಲು ಹೊಡೆಯಿತೆಂದೂ, ಗಂಟೆ ಬಾರಿಸುತ್ತಿದ್ದ ಚರ್ಚುಗಳೇ ಅದಕ್ಕೆ ತುತ್ತಾದುವೆಂದೂ ಆ ದೇಶದ ವಿಜ್ಞಾನ ಅಕಾಡೆಮಿಗೆ ವರದಿ ಹೋಯಿತು. ಆದರೂ ಗಂಟೆಗಳು ನಿಲ್ಲಲಿಲ್ಲ. ಪ್ರತಿವರ್ಷವೂ ಎಲ್ಲಿಯೋ ಒಬ್ಬ ಗಂಟೆಯಾಳು ಹಗ್ಗ ಹಿಡಿದಂತೆಯೇ ಸಾಯುತ್ತಿದ್ದನು.

ಇಂಥ ಕಾಲದಲ್ಲಿ, ಯೂರೋಪಿನ ವಿದ್ಯಾಪೀಠಗಳಿಂದ ಸಾವಿರಾರು ಮೈಲಿ ದೂರದಲ್ಲಿ, ಅಮೆರಿಕದ ಬಾಸ್ಟನ್ ಪಟ್ಟಣದಲ್ಲಿ 1706ರ ಜನವರಿ 17ರಂದು ಫ್ರಾಂಕ್ಲಿನನು ಹುಟ್ಟಿದನು. ಆಗ ಅದು ಇಂಗ್ಲೆಂಡಿನ ವಸಾಹತು. ತಂದೆ ಜೋಸಾಯನು ಇಂಗ್ಲೆಂಡಿನಿಂದ ವಲಸೆ ಬಂದು ಮೇಣದ ಬತ್ತಿ, ಸಾಬೂನು ಮಾಡಿ ಮಾರುತ್ತಿದ್ದವನು. ಆತನ 17 ಮಕ್ಕಳಲ್ಲಿ ಬೆಂಜಮಿನನು 15ನೆಯವನು, ಗಂಡುಮಕ್ಕಳಲ್ಲಿ ಕಡೆಯವನು. ಮಗನನ್ನು ಪಾದ್ರಿಯಾಗಿ ಮಾಡಬೇಕೆಂದು ತಂದೆಯ ಆಸೆ. ಆದರೆ ಅಷ್ಟು ಓದಿಸುವ ಶಕ್ತಿ ಎಲ್ಲಿಯದು? ಹುಡುಗನ ಶಾಲೆಯ ವಿದ್ಯೆ ಎರಡು ವರ್ಷಕ್ಕೇ ಮುಗಿದುಹೋಯಿತು. ಹತ್ತನೆಯ ವಯಸ್ಸಿಗೆ ಅವನು ತಂದೆಯ ಅಂಗಡಿಯಲ್ಲಿ ಬತ್ತಿಯ ನೂಲು ಕತ್ತರಿಸುತ್ತ ಕುಳಿತನು. ಮನೆತನದಲ್ಲಿ ಮೊದಲನೆಯವರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಈ ಭಾಗ ವಿಶೇಷವಾಗಿ ಮನಸ್ಸಿಗೆ ನಾಟುತ್ತದೆ. ನಮಗೆ ದೊರೆತ ವಿದ್ಯೆಯ ಎಂಟನೆಯ ಒಂದು ಪಾಲೂ ಅವನಿಗೆ ದೊರೆಯಲಿಲ್ಲ.

ಹನ್ನೆರಡನೆಯ ವಯಸ್ಸಿಗೆ ಅವನನ್ನು ಮುದ್ರಕನಾಗಿದ್ದ ಅಣ್ಣ ಜೇಮ್ಸನ ಬಳಿ ಕೆಲಸಕ್ಕೆ ಸೇರಿಸಿದರು. ಅಚ್ಚಿನ ಮೊಳೆ ಜೋಡಿಸುವ ಕೆಲಸ ಹುಡುಗನಿಗೆ ಪುಸ್ತಕಗಳ ಬಾಗಿಲನ್ನು ತೆರೆಯಿತು. ಹಗಲು ಕೆಲಸ, ರಾತ್ರಿ ಓದು. 16ನೆಯ ವಯಸ್ಸಿನಲ್ಲಿ ವಿಧವೆಯೊಬ್ಬಳ ಹೆಸರಿಟ್ಟುಕೊಂಡು ಬರೆದ ಪ್ರಬಂಧಗಳನ್ನು ಅಣ್ಣನ ಅಚ್ಚುಕೂಟದ ಬಾಗಿಲ ಸಂದಿಯಲ್ಲಿ ಗುಟ್ಟಾಗಿ ತೂರಿಸಿ ಬರುತ್ತಿದ್ದನು. ಬರೆದವರಾರೆಂದು ತಿಳಿಯದೆಯೇ ಅಣ್ಣನು ಅವನ್ನು ಪತ್ರಿಕೆಯಲ್ಲಿ ಅಚ್ಚುಹಾಕಿದನು. ಮುಂದೆ ಅಣ್ಣತಮ್ಮಂದಿರಿಗೆ ಹೊಂದಾಣಿಕೆಯಾಗದೆ 1723ರಲ್ಲಿ, 17ನೆಯ ವಯಸ್ಸಿನಲ್ಲಿ, ಫ್ರಾಂಕ್ಲಿನನು ಮನೆ ಬಿಟ್ಟು ಫಿಲಡೆಲ್ಫಿಯಾ ನಗರಕ್ಕೆ ಓಡಿಹೋದನು. ಹಸಿದು ಬಂದ ಆ ಹುಡುಗನು ಮೂರು ದೊಡ್ಡ ರೊಟ್ಟಿ ಕೊಂಡು, ಎರಡನ್ನು ಕಂಕುಳಲ್ಲಿ ಇರುಕಿಕೊಂಡು, ಒಂದನ್ನು ತಿನ್ನುತ್ತ ಬೀದಿಯಲ್ಲಿ ನಡೆದುಹೋದುದನ್ನು ಬಾಗಿಲಲ್ಲಿ ನಿಂತು ನೋಡಿದ ಡೆಬೊರಾ ರೀಡ್ ಎಂಬ ಹುಡುಗಿಯೇ 1730ರಲ್ಲಿ ಅವನ ಹೆಂಡತಿಯಾದಳು.

ಫಿಲಡೆಲ್ಫಿಯಾದಲ್ಲಿ ಆತನು ಸ್ವಂತ ಅಚ್ಚುಕೂಟವನ್ನು ಸ್ಥಾಪಿಸಿದನು, ಪತ್ರಿಕೆ ನಡೆಸಿದನು, ಬಡ ರಿಚರ್ಡನ ಪಂಚಾಂಗವೆಂಬ ಹೆಸರಿನಲ್ಲಿ ವರ್ಷವರ್ಷವೂ ಜನಸಾಮಾನ್ಯರಿಗಾಗಿ ಪುಸ್ತಕ ಹೊರತಂದನು. ತಾನು ಬೆಳೆದಂತೆ ಊರನ್ನೂ ಬೆಳೆಸಿದುದು ಆತನ ವಿಶೇಷ. ಚಂದಾ ಕೂಡಿಸಿ 1731ರಲ್ಲಿ ಗ್ರಂಥಾಲಯವನ್ನು ಕಟ್ಟಿದನು. ಊರಿನಲ್ಲಿ ಬೆಂಕಿ ಬಿದ್ದರೆ ಆಗುವ ಹಾನಿಯನ್ನು ಕಂಡು 1736ರಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರ ಸಂಘವನ್ನು ಹುಟ್ಟುಹಾಕಿದನು. ಕಟ್ಟಡಗಳನ್ನು ಕಾಪಾಡಬೇಕೆಂಬ ಚಿಂತೆ ಆತನಿಗೆ ಸಿಡಿಲಿನ ಯೋಚನೆಗಿಂತ ಎಷ್ಟೋ ಮೊದಲೇ ಹತ್ತಿತ್ತೆಂಬುದನ್ನು ನಾವು ಗಮನಿಸಬೇಕು. 1748ರಲ್ಲಿ, 42ನೆಯ ವಯಸ್ಸಿಗೆ, ಸಾಕಷ್ಟು ಸಂಪಾದನೆಯಾಯಿತೆಂದು ವ್ಯಾಪಾರದಿಂದ ನಿವೃತ್ತನಾಗಿ ಉಳಿದ ಜೀವನವನ್ನು ಜ್ಞಾನಕ್ಕೂ ಲೋಕಕಾರ್ಯಕ್ಕೂ ಮೀಸಲಿಟ್ಟನು.

ಆಗ ವಿದ್ಯುಚ್ಛಕ್ತಿ ಎಂಬುದು ಯೂರೋಪಿನ ಶ್ರೀಮಂತರ ಮನೆಗಳಲ್ಲಿ ಒಂದು ಗಾರುಡಿಯಾಟ. ಗಾಜಿನ ಕೊಳವೆಯನ್ನು ಉಜ್ಜಿ ಕಿಡಿ ಹಾರಿಸಿ ನೋಡುವವರನ್ನು ಬೆರಗುಗೊಳಿಸುತ್ತಿದ್ದರು. ಲಂಡನ್ನಿನ ವರ್ತಕನಾದ ಪೀಟರ್ ಕಾಲಿನ್ಸನ್ ಅಂಥ ಒಂದು ಕೊಳವೆಯನ್ನು ಫಿಲಡೆಲ್ಫಿಯಾದ ಗ್ರಂಥಾಲಯಕ್ಕೆ ಕಳುಹಿಸಿದನು. ಫ್ರಾಂಕ್ಲಿನನೂ ಆತನ ಗೆಳೆಯರೂ ಅದರ ಬೆನ್ನುಹತ್ತಿದರು. ಧನ, ಋಣ ಎಂಬ ಎರಡು ಬಗೆಯ ವಿದ್ಯುತ್ತಿನ ಹೆಸರುಗಳು ನಮಗೆ ಬಂದುದು ಆತನಿಂದಲೇ. ಚೂಪಾದ ಲೋಹದ ತುದಿಯನ್ನು ಹತ್ತಿರ ತಂದರೆ ವಿದ್ಯುತ್ ತುಂಬಿದ ವಸ್ತುವಿನಿಂದ ಅದು ಸದ್ದಿಲ್ಲದೆ ಸೋರಿಹೋಗುವುದನ್ನು ಅವರು ಕಂಡರು. 1749ರಲ್ಲಿ ಫ್ರಾಂಕ್ಲಿನನು ತನ್ನ ಟಿಪ್ಪಣಿಯಲ್ಲಿ ಕಿಡಿಗೂ ಮಿಂಚಿಗೂ ಇರುವ 12 ಹೋಲಿಕೆಗಳನ್ನು ಬರೆದಿಟ್ಟನು. ಎರಡೂ ಬೆಳಕು ಬೀರುತ್ತವೆ, ಎರಡೂ ಅಂಕುಡೊಂಕಾಗಿ ಓಡುತ್ತವೆ, ಎರಡೂ ಲೋಹದ ಮೂಲಕ ಹರಿಯುತ್ತವೆ, ಎರಡಕ್ಕೂ ಗಂಧಕದಂಥ ವಾಸನೆಯಿದೆ. ಹಾಗಾದರೆ ಮಿಂಚೂ ಲೋಹದ ಚೂಪಿಗೆ ಒಲಿಯಬಾರದೇಕೆ? ಪರೀಕ್ಷೆ ಮಾಡಿಯೇ ನೋಡಬೇಕೆಂದು ಆತನು ನಿರ್ಧರಿಸಿದನು. 1750ರಲ್ಲಿ ತನ್ನ ಸಲಹೆಯನ್ನು ಲಂಡನ್ನಿಗೆ ಬರೆದು ಕಳುಹಿಸಿದನು: ಮನೆ, ಚರ್ಚು, ಹಡಗುಗಳ ತುದಿಯಲ್ಲಿ ಚೂಪಾದ ಕಬ್ಬಿಣದ ಸರಳನ್ನು ನಿಲ್ಲಿಸಿ, ಅದರಿಂದ ತಂತಿಯನ್ನು ನೆಲಕ್ಕೋ ನೀರಿಗೋ ಇಳಿಬಿಡಬೇಕು.

ಈ ಮಾತನ್ನು ಮೊದಲು ಪರೀಕ್ಷಿಸಿದವರು ಫ್ರೆಂಚರು. 1752ರ ಮೇ 10ರಂದು ಪ್ಯಾರಿಸಿನ ಬಳಿಯ ಮಾರ್ಲಿ ಎಂಬ ಹಳ್ಳಿಯಲ್ಲಿ, ಪಂಡಿತ ದಾಲಿಬಾರನು ನಿಲ್ಲಿಸಿದ್ದ ಸುಮಾರು 40 ಅಡಿಯ ಸರಳಿನಿಂದ, ಕಾವಲಿಗಿದ್ದ ಒಬ್ಬ ಹಳೆಯ ಸಿಪಾಯಿಯೂ ಊರಿನ ಪಾದ್ರಿಯೂ ಮೋಡದ ಕಿಡಿಯನ್ನು ಎಳೆದರು. ಆ ಸುದ್ದಿ ಇನ್ನೂ ಅಮೆರಿಕಕ್ಕೆ ಮುಟ್ಟಿರಲಿಲ್ಲ. ಫ್ರಾಂಕ್ಲಿನನು ತನ್ನ ಊರಿನ ಚರ್ಚಿನ ಶಿಖರ ಪೂರ್ತಿಯಾಗಲೆಂದು ಕಾದು ಬೇಸತ್ತು, ಅದೇ ವರ್ಷದ ಜೂನ್ ತಿಂಗಳಲ್ಲಿ ಮಗ ವಿಲಿಯಮನನ್ನು ಜೊತೆಗೆ ಕರೆದುಕೊಂಡು ರೇಷ್ಮೆಯ ಗಾಳಿಪಟವನ್ನು ಹಾರಿಸಿದನು. ಸೆಣಬಿನ ದಾರದ ಕೆಳತುದಿಗೆ ಒಂದು ಬೀಗದ ಕೈ; ಕೈಯಲ್ಲಿ ಹಿಡಿಯಲು ಒಣಗಿದ ರೇಷ್ಮೆಯ ಪಟ್ಟಿ. ದಾರದ ಎಳೆಗಳು ನಿಮಿರಿ ನಿಂತುವು. ಬೀಗದ ಕೈಗೆ ಬೆರಳ ಗೆಣ್ಣು ತಾಗಿಸಿದಾಗ ಕಿಡಿ ಹಾರಿತು. ಗಾಳಿಪಟಕ್ಕೆ ಸಿಡಿಲೇ ಹೊಡೆಯಿತೆಂದು ಅನೇಕರು ತಿಳಿದಿದ್ದಾರೆ. ಹಾಗೆ ಹೊಡೆದಿದ್ದರೆ ತಂದೆಮಕ್ಕಳಿಬ್ಬರೂ ಬದುಕುತ್ತಿರಲಿಲ್ಲ. ಅಲ್ಲಿ ಬಂದುದು ಮೋಡದಡಿಯ ಗಾಳಿಯಲ್ಲಿ ತುಂಬಿದ್ದ ವಿದ್ಯುತ್ತಿನ ಒಂದು ಅಂಶ ಮಾತ್ರ. ಮರುವರ್ಷ, 1753ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಚ್‌ಮನ್ ಎಂಬ ಪ್ರೊಫೆಸರನು ನೆಲಕ್ಕೆ ಸಂಪರ್ಕವಿಲ್ಲದ ಸರಳಿನ ಬಳಿ ನಿಂತು ಪ್ರಯೋಗ ಮಾಡುವಾಗ ಸಿಡಿಲಿಗೆ ಬಲಿಯಾದನು.

ರಿಚ್‌ಮನ್ನನ ಮರಣದಲ್ಲಿಯೇ ಈ ಸಾಧನದ ತತ್ತ್ವ ಅಡಗಿದೆ. ಸಿಡಿಲಿನಲ್ಲಿ ಹರಿಯುವುದು ಹತ್ತಾರು ಸಾವಿರ ಆಂಪಿಯರ್ ವಿದ್ಯುತ್ಪ್ರವಾಹ. ಅದರ ಹಾದಿಯ ಗಾಳಿ ಸುಮಾರು 30,000 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯುತ್ತದೆ. ಕಲ್ಲು, ಗಾರೆ, ಮರ ಇವು ಆ ಪ್ರವಾಹಕ್ಕೆ ಸುಲಭವಾಗಿ ದಾರಿ ಕೊಡುವುದಿಲ್ಲ. ಅದು ಅವುಗಳ ಮೂಲಕ ಬಲವಂತವಾಗಿ ನುಗ್ಗಿದಾಗ ಒಳಗಿನ ತೇವ ಒಂದೇ ಕ್ಷಣದಲ್ಲಿ ಆವಿಯಾಗಿ ಹಿಗ್ಗಿ ಕಲ್ಲನ್ನು ಸಿಡಿಸುತ್ತದೆ, ಮರವನ್ನು ಸೀಳುತ್ತದೆ. ಕಟ್ಟಡದ ನೆತ್ತಿಯಿಂದ ನೆಲದ ತೇವದವರೆಗೆ ದಪ್ಪನೆಯ ಲೋಹದ ದಾರಿಯೊಂದನ್ನು ಎಲ್ಲಿಯೂ ಕಡಿಯದಂತೆ ಹಾಕಿದರೆ ಸಿಡಿಲು ಆ ದಾರಿಯಲ್ಲೇ ಇಳಿದು ಭೂಮಿಯಲ್ಲಿ ಅಡಗುತ್ತದೆ. ಚೂಪು ಸರಳು ಮೋಡದ ವಿದ್ಯುತ್ತನ್ನು ಮೆಲ್ಲಗೆ ಹೀರಿ ಸಿಡಿಲೇ ಆಗದಂತೆ ಮಾಡಬಹುದೆಂದು ಫ್ರಾಂಕ್ಲಿನನು ಮೊದಲು ಹೆಚ್ಚಾಗಿ ನಂಬಿದ್ದನು. ಆದರೆ 1760ರಲ್ಲಿ ಫಿಲಡೆಲ್ಫಿಯಾದ ವರ್ತಕನೊಬ್ಬನ ಮನೆಗೆ ಸಿಡಿಲು ಹೊಡೆದು, ಸರಳಿನ ತುದಿ ಕರಗಿಯೂ ಮನೆ ಉಳಿದಾಗ ನಿಜಸ್ಥಿತಿ ಸ್ಪಷ್ಟವಾಯಿತು. ಮಿಂಚುವಾಹಕವು ಸಿಡಿಲನ್ನು ತಡೆಯುವುದಿಲ್ಲ; ಅದಕ್ಕೆ ದಾರಿ ಬಿಡುತ್ತದೆ.

ಇಂಥ ಸಾಧನಕ್ಕೆ ಆತನು ಪೇಟೆಂಟು ಪಡೆದಿದ್ದರೆ ಕೋಟ್ಯಧೀಶನಾಗಬಹುದಿತ್ತು. ಆತನು ಪಡೆಯಲಿಲ್ಲ. ಕಬ್ಬಿಣದ ಕಡ್ಡಿ ಎಷ್ಟು ದಪ್ಪವಿರಬೇಕು, ನೆಲದಲ್ಲಿ ಎಷ್ಟು ಆಳಕ್ಕಿಳಿಯಬೇಕು ಎಂಬುದನ್ನೆಲ್ಲ 1753ರ ತನ್ನ ಪಂಚಾಂಗದಲ್ಲಿ ಅಚ್ಚುಹಾಕಿ, ಊರಿನ ಕಮ್ಮಾರನೂ ಓದಿ ಮಾಡಿಕೊಳ್ಳುವಂತೆ ಕೊಟ್ಟುಬಿಟ್ಟನು. ಆ ವರ್ಷವೇ ಲಂಡನ್ನಿನ ರಾಯಲ್ ಸೊಸೈಟಿ ಆತನಿಗೆ ಕಾಪ್ಲಿ ಪದಕವನ್ನಿತ್ತಿತು. ಹಾರ್ವರ್ಡ್, ಯೇಲ್ ವಿದ್ಯಾಪೀಠಗಳು ಎರಡು ವರ್ಷ ಶಾಲೆ ಕಲಿತವನಿಗೆ ಗೌರವ ಪದವಿ ನೀಡಿದುವು.

ಪುಕ್ಕಟೆಯಾಗಿ ಕೊಟ್ಟರೂ ಲೋಕ ಅದನ್ನು ಕೂಡಲೇ ಸ್ವೀಕರಿಸಲಿಲ್ಲ. 1755ರಲ್ಲಿ ಬಾಸ್ಟನ್ನಿನಲ್ಲಿ ಭೂಕಂಪವಾದಾಗ, ಸರಳುಗಳು ಆಕಾಶದ ವಿದ್ಯುತ್ತನ್ನೆಲ್ಲ ನೆಲದೊಳಗೆ ತುಂಬಿದುದೇ ಇದಕ್ಕೆ ಕಾರಣವಿರಬಹುದೆಂದು ಅಲ್ಲಿನ ಪಾದ್ರಿಯೊಬ್ಬನು ಬರೆದನು. ಹಾರ್ವರ್ಡಿನ ಪ್ರೊಫೆಸರ್ ವಿಂತ್ರಾಪನು ಅದಕ್ಕೆ ತಕ್ಕ ಉತ್ತರ ಕೊಟ್ಟನು. ಫ್ರಾನ್ಸಿನ ಸೇಂಟ್ ಓಮೇರ್ ಪಟ್ಟಣದಲ್ಲಿ 1780ರಲ್ಲಿ ಒಬ್ಬ ಗೃಹಸ್ಥನು ತನ್ನ ಮನೆಯ ಮೇಲೆ ಸರಳು ನಿಲ್ಲಿಸಿದಾಗ ನೆರೆಯವರು ಹೆದರಿ ದೂರು ಕೊಟ್ಟರು. ಊರಿನ ಅಧಿಕಾರಿಗಳು ಅದನ್ನು ಕೀಳಿಸಲು ಆಜ್ಞೆ ಮಾಡಿದರು. ಮೊಕದ್ದಮೆ ನಡೆದು, 1783ರಲ್ಲಿ ಸರಳಿನ ಪರವಾಗಿ ವಾದಿಸಿ ಗೆದ್ದ ತರುಣ ವಕೀಲನೇ ಮುಂದೆ ಫ್ರೆಂಚ್ ಕ್ರಾಂತಿಯಲ್ಲಿ ಹೆಸರಾದ ರೋಬೆಸ್ಪಿಯರ್. ಸಿಡಿಲಿನ ಹೊತ್ತಿನಲ್ಲಿ ಗಂಟೆ ಬಾರಿಸಕೂಡದೆಂದು ಪ್ಯಾರಿಸಿನ ಉಚ್ಚ ನ್ಯಾಯಾಲಯ ನಿಷೇಧಿಸಿದುದು 1786ರಷ್ಟು ತಡವಾಗಿ. ಗಾಳಿಪಟ ಹಾರಿ ಆಗಲೇ 34 ವರ್ಷಗಳಾಗಿದ್ದುವು.

ಈ ವಿಳಂಬದ ಬೆಲೆಯನ್ನು ಕಟ್ಟಡಗಳೂ ಜನರೂ ತೆತ್ತರು. 1764ರಲ್ಲಿ ಲಂಡನ್ನಿನ ಸಂತ ಬ್ರೈಡಳ ಚರ್ಚಿಗೆ ಸಿಡಿಲು ಹೊಡೆಯಿತು. ಅದರ ಶಿಖರವು ಮಹಾಶಿಲ್ಪಿ ಕ್ರಿಸ್ಟಫರ್ ರೆನ್ನನ ಕೃತಿ. ರಾಯಲ್ ಸೊಸೈಟಿಯ ಪಂಡಿತರು ಹೋಗಿ ನೋಡಿದಾಗ ಒಂದು ಸಂಗತಿ ಕಂಡುಬಂದಿತು. ಕಲ್ಲುಗಳನ್ನು ಬಿಗಿಯಲು ಒಳಗೆ ಕಬ್ಬಿಣದ ಪಟ್ಟಿಗಳನ್ನು ಹಾಕಿದ್ದರು; ಸಿಡಿಲು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ನೆಗೆಯುತ್ತ, ನಡುವೆ ಸಿಕ್ಕಿದ ಕಲ್ಲನ್ನೆಲ್ಲ ಒಡೆಯುತ್ತ ಇಳಿದಿತ್ತು. ದುರಸ್ತಿಯಾದ ಮೇಲೆ ಶಿಖರದ ಎತ್ತರ ಸುಮಾರು 8 ಅಡಿ ಕಡಿಮೆಯಾಯಿತು. ಹಳೆಯ ಕಟ್ಟಡಗಳ ರಕ್ಷಣೆಯಲ್ಲಿ ಇದೊಂದು ದೊಡ್ಡ ಪಾಠ. ನೆತ್ತಿಯ ಮೇಲೆ ಸರಳಿಟ್ಟರೆ ಸಾಲದು. ಕಟ್ಟಡದಲ್ಲಿರುವ ದೊಡ್ಡ ಲೋಹದ ಭಾಗಗಳನ್ನೂ ಅದೇ ದಾರಿಗೆ ಜೋಡಿಸಬೇಕು.

ಇದರಿಂದ ಎಚ್ಚೆತ್ತ ಸಂತ ಪಾಲನ ಮಹಾಮಂದಿರದ ಅಧಿಕಾರಿಗಳು 1769ರಲ್ಲಿ ರಾಯಲ್ ಸೊಸೈಟಿಯ ಸಲಹೆ ಕೇಳಿದರು. ಹಳೆಯ ಮಂದಿರವು 1666ರ ಬೆಂಕಿಯಲ್ಲಿ ಹಾಳಾದ ಮೇಲೆ ಅದರ ಜಾಗದಲ್ಲಿ ರೆನ್ನನೇ ಕಟ್ಟಿದ ಹೊಸ ಮಂದಿರವದು. ಆಗ ಲಂಡನ್ನಿನಲ್ಲಿದ್ದ ಫ್ರಾಂಕ್ಲಿನನೂ ಸಲಹಾ ಸಮಿತಿಯ ಸದಸ್ಯನಾದನು; ಮಂದಿರಕ್ಕೆ ಮಿಂಚುವಾಹಕ ಬಂದಿತು. ಅದೇ ವರ್ಷ ಆಗಸ್ಟಿನಲ್ಲಿ ಇಟಲಿಯ ಬ್ರೆಷಿಯಾ ನಗರದಲ್ಲಿ ಮದ್ದಿನ ಉಗ್ರಾಣಕ್ಕೆ ಸಿಡಿಲು ಬಡಿದು, ನಗರದ ಆರರಲ್ಲೊಂದು ಭಾಗ ನೆಲಸಮವಾಯಿತು. ಆ ನಗರ ವೆನಿಸ್ ಗಣರಾಜ್ಯಕ್ಕೆ ಸೇರಿತ್ತು. ಕೊನೆಗೆ 1776ರಲ್ಲಿ ವೆನಿಸಿನ ಸರ್ಕಾರ ಸಂತ ಮಾರ್ಕನ ಗೋಪುರಕ್ಕೆ ಮಿಂಚುವಾಹಕವನ್ನು ಹಾಕಿಸಿತು. ಅದನ್ನು ಹಾಕಿಸಿದ ಜುಸೆಪ್ಪೆ ತೊವಾಲ್ಡೊ ಪಾದುವಾ ವಿದ್ಯಾಪೀಠದಲ್ಲಿ ಖಗೋಳಶಾಸ್ತ್ರದ ಪ್ರೊಫೆಸರನಾಗಿದ್ದವನು, ಮತ್ತು ಸ್ವತಃ ಪಾದ್ರಿ. ಧರ್ಮಕ್ಕೂ ಈ ಸರಳಿಗೂ ಸಹಜವಾದ ವೈರವೇನೂ ಇರಲಿಲ್ಲವೆಂಬುದಕ್ಕೆ ಮಾರ್ಲಿಯ ಪಾದ್ರಿಯೂ ಈತನೂ ಸಾಕ್ಷಿ. ಆ ಗೋಪುರ 1902ರಲ್ಲಿ ಕುಸಿದು 1912ರಲ್ಲಿ ಮತ್ತೆ ಎದ್ದಿತು. ಕುಸಿದುದು ಗೋಡೆಯ ಬಿರುಕಿನಿಂದ, ಸಿಡಿಲಿನಿಂದಲ್ಲ.

ಸರಳಿನ ತುದಿ ಚೂಪಾಗಿರಬೇಕೋ ಗುಂಡಾಗಿರಬೇಕೋ ಎಂಬ ವಿವಾದವೂ ಒಂದು ಕಥೆ. ಇಂಗ್ಲೆಂಡಿನ ಪರ್ಫ್ಲೀಟ್ ಮದ್ದಿನ ಉಗ್ರಾಣಗಳಿಗೆ 1772ರಲ್ಲಿ ಫ್ರಾಂಕ್ಲಿನನಿದ್ದ ಸಮಿತಿ ಚೂಪು ತುದಿಯನ್ನು ಶಿಫಾರಸು ಮಾಡಿತ್ತು. 1777ರಲ್ಲಿ ಅಲ್ಲಿನ ಒಂದು ಕಟ್ಟಡಕ್ಕೆ ಸಿಡಿಲು ತಗುಲಿ ಅಲ್ಪ ಹಾನಿಯಾಯಿತು. ಅಷ್ಟರಲ್ಲಿ ಫ್ರಾಂಕ್ಲಿನನು ಇಂಗ್ಲೆಂಡಿನ ವಿರುದ್ಧ ದಂಗೆಯೆದ್ದವರ ನಾಯಕರಲ್ಲೊಬ್ಬನಾಗಿದ್ದನು. ಮೂರನೆಯ ಜಾರ್ಜ್ ದೊರೆಗೆ ಚೂಪು ತುದಿಯೇ ರಾಜದ್ರೋಹವಾಗಿ ಕಂಡಿತು. ಗುಂಡು ತುದಿಗಳನ್ನು ಹಾಕಿಸಿದನು. ಸೊಸೈಟಿಯ ಅಧ್ಯಕ್ಷನು ಪ್ರಕೃತಿಯ ನಿಯಮವನ್ನು ಬದಲಿಸುವುದು ತನ್ನಿಂದಾಗದೆಂದು ತಿಳಿಸಿದನೆಂದು ಹೇಳುತ್ತಾರೆ. ಸ್ವಾರಸ್ಯವೇನೆಂದರೆ, ಸುಮಾರು 2000ದಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ಬೆಟ್ಟದ ಮೇಲೆ ನಡೆದ ಪ್ರಯೋಗಗಳಲ್ಲಿ ಸ್ವಲ್ಪ ಮೊಂಡಾದ ತುದಿಯೇ ಸಿಡಿಲನ್ನು ಚೆನ್ನಾಗಿ ಹಿಡಿಯುತ್ತದೆಂದು ಕಂಡುಬಂದಿತು. ದೊರೆಯು ದ್ವೇಷದಿಂದ ಮಾಡಿದ ಆಯ್ಕೆ ತೀರ ತಪ್ಪೇನೂ ಆಗಿರಲಿಲ್ಲ. ವಿಜ್ಞಾನಕ್ಕೆ ದೊರೆಯೂ ಇಲ್ಲ, ದಂಗೆಕೋರನೂ ಇಲ್ಲ.

ಆತನ ರಾಜಕೀಯ ಜೀವನ ಎಲ್ಲರಿಗೂ ತಿಳಿದುದೇ. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದನು. ಪ್ಯಾರಿಸಿನಲ್ಲಿ ರಾಯಭಾರಿಯಾಗಿ ಫ್ರಾನ್ಸಿನ ನೆರವನ್ನು ದೊರಕಿಸಿದನು. 1783ರ ಶಾಂತಿ ಒಪ್ಪಂದಕ್ಕೂ 1787ರ ಸಂವಿಧಾನಕ್ಕೂ ಸಹಿ ಹಾಕಿದನು. ಇಂಗ್ಲಿಷರೊಡನೆ ಹೋರಾಡುತ್ತಿದ್ದ ನಮ್ಮ ಮೈಸೂರಿನ ಹೈದರಾಲಿಯ ಹೆಸರನ್ನು 1782ರಲ್ಲಿ ಫಿಲಡೆಲ್ಫಿಯಾದವರು ತಮ್ಮ ಒಂದು ಯುದ್ಧನೌಕೆಗೆ ಇಟ್ಟಿದ್ದರೆಂಬುದು ಕನ್ನಡಿಗರಿಗೆ ಕುತೂಹಲದ ಸಂಗತಿ. ಈ ಯುದ್ಧ ಆತನ ಮನೆಯನ್ನೂ ಒಡೆಯಿತು. ಅಂದು ಗಾಳಿಪಟಕ್ಕೆ ಜೊತೆಯಾಗಿದ್ದ ಮಗ ವಿಲಿಯಮನು ದೊರೆಯ ಪಕ್ಷ ಹಿಡಿದನು. ತಂದೆಮಕ್ಕಳ ನಡುವಿನ ಬಿರುಕು ಮುಚ್ಚಲೇ ಇಲ್ಲ.

ಆತನಲ್ಲಿ ದೋಷಗಳಿರಲಿಲ್ಲವೆಂದು ಹೇಳಲಾರೆ. ಬಹುಕಾಲ ಗುಲಾಮರನ್ನು ಇಟ್ಟುಕೊಂಡಿದ್ದನು; ಅವರ ಮಾರಾಟದ ಜಾಹೀರಾತುಗಳನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಹಾಕಿದ್ದನು. ಆದರೆ ಮುಪ್ಪಿನಲ್ಲಿ ಗುಲಾಮಗಿರಿಯ ನಿವಾರಣೆಗಾಗಿ ದುಡಿಯುವ ಸಂಘದ ಅಧ್ಯಕ್ಷನಾಗಿ, ಸಾಯುವ ಎರಡು ತಿಂಗಳ ಮುಂಚೆ, 1790ರ ಫೆಬ್ರವರಿಯಲ್ಲಿ, ಅದನ್ನು ರದ್ದುಮಾಡಬೇಕೆಂದು ಅಮೆರಿಕದ ಕಾಂಗ್ರೆಸ್ಸಿಗೆ ಮನವಿ ಸಲ್ಲಿಸಿದನು. ಅದೇ ವರ್ಷ ಏಪ್ರಿಲ್ 17ರಂದು, 84ನೆಯ ವಯಸ್ಸಿನಲ್ಲಿ, ಫಿಲಡೆಲ್ಫಿಯಾದಲ್ಲಿ ಕಾಲವಾದನು. ಕೈಕಸುಬಿನ ತರುಣರಿಗೆ ಸಾಲ ಕೊಡುವುದಕ್ಕಾಗಿ ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ಒಂದೊಂದು ಸಾವಿರ ಪೌಂಡುಗಳನ್ನು, 200 ವರ್ಷ ನಡೆಯುವಂತೆ, ಉಯಿಲಿನಲ್ಲಿ ಬರೆದಿಟ್ಟಿದ್ದನು.

ಸಾಯುವ ಕೆಲವು ವರ್ಷಗಳ ಮುಂಚೆ ಆತನು ತನ್ನ ಮನೆಯ ಸರಳನ್ನು ಇಳಿಸಿ ನೋಡಿದಾಗ ಅದರ ತಾಮ್ರದ ತುದಿ ಕರಗಿಹೋಗಿರುವುದು ಕಂಡಿತು. ಆತನು ಫ್ರಾನ್ಸಿನಲ್ಲಿದ್ದಾಗ ಎಂದೋ ಸಿಡಿಲು ಹೊಡೆದಿತ್ತು. ಮನೆಗೆ ಏನೂ ಆಗಿರಲಿಲ್ಲ. ಲೋಕಕ್ಕೆಂದು ಮಾಡಿದ ಉಪಾಯ ಮಾಡಿದವನ ಮನೆಯನ್ನೂ ಕಾಪಾಡಿತ್ತು. ಮೇರಿಲ್ಯಾಂಡಿನ ಅನಾಪೊಲಿಸ್ ನಗರದ ಶಾಸನಸಭಾ ಭವನದ ಮರದ ಗುಮ್ಮಟದ ಮೇಲೆ 1788ರಲ್ಲಿ ಆತನ ವಿಧಾನದಂತೆ ನಿಲ್ಲಿಸಿದ 28 ಅಡಿಯ ಸರಳಿಗೆ 2016ರಲ್ಲಿ ಸಿಡಿಲು ಬಡಿದಾಗಲೂ ಆ ಭವನಕ್ಕೆ ಅಪಾಯವಾಗಲಿಲ್ಲ.

ಇಷ್ಟು ಓದಿದ ಮೇಲೆ ನನಗನ್ನಿಸಿದುದು ಇದು. ಸರಳನ್ನು ಒಮ್ಮೆ ನಿಲ್ಲಿಸಿ ಮರೆತರೆ ಅದರಿಂದ ಪ್ರಯೋಜನವಿಲ್ಲ. ತಂತಿ ತುಕ್ಕು ಹಿಡಿದು ಕಡಿದಿದ್ದರೆ, ಅಥವಾ ಯಾರೋ ಲೋಹದ ಆಸೆಗೆ ಕತ್ತರಿಸಿ ಒಯ್ದಿದ್ದರೆ, ಮೇಲೆ ನಿಂತ ಸರಳು ಸಿಡಿಲನ್ನು ಬರಮಾಡಿಕೊಂಡು ಗೋಡೆಯೊಳಕ್ಕೇ ಬಿಡುತ್ತದೆ. ಪುರಾತನ ಕಟ್ಟಡಗಳನ್ನು ನೋಡಲು ಹೋದಾಗ ನಾವು ಶಿಲ್ಪವನ್ನು ಕಂಡು ಮೆಚ್ಚುತ್ತೇವೆ. ಗೋಡೆಗುಂಟ ಇಳಿದ ಆ ಪಟ್ಟಿಯ ಕಡೆಗೆ ಕಣ್ಣು ಹಾಯಿಸುವವರು ಕಡಿಮೆ. ಇನ್ನು ಮುಂದೆ ಅದು ನೆಲದವರೆಗೆ ಇಳಿದಿದೆಯೇ ಎಂದು ನೋಡೋಣ. ಇಲ್ಲದಿದ್ದರೆ ಸಂಬಂಧಪಟ್ಟವರಿಗೆ ತಿಳಿಸೋಣ.

ವಿದ್ಯೆಯ ಮಾತೂ ಹೀಗೆಯೇ. ಫ್ರಾಂಕ್ಲಿನನು ಮೋಡದಿಂದ ಪಡೆದ ತಿಳಿವಳಿಕೆಯನ್ನು ಒಂದು ಪಂಚಾಂಗದ ಮೂಲಕ ಕಮ್ಮಾರನ ಕುಲುಮೆಯವರೆಗೆ ಇಳಿಸಿದನು. ಪಂಡಿತರಲ್ಲೇ ಅದು ನಿಂತಿದ್ದರೆ ಇನ್ನೆಷ್ಟು ಗಂಟೆಯಾಳುಗಳು ಸಾಯುತ್ತಿದ್ದರೋ! ಕಾಲೇಜಿನಿಂದ ಹೊರಬೀಳುತ್ತಿರುವ ನಾವು ಕಲಿತುದು ನಮ್ಮ ನಮ್ಮ ಊರಿನ ನೆಲವನ್ನು ಮುಟ್ಟುವಂತಾದರೆ, ಎರಡೇ ವರ್ಷ ಶಾಲೆ ಕಂಡ ಆ ಮಹನೀಯನಿಗೆ ನಾವು ಸಲ್ಲಿಸುವ ಗೌರವ ಅದೇ ಎಂದು ನಂಬಿದ್ದೇನೆ.